ಸಲಹೆಯ ಗುತ್ತಿಗೆಯಲ್ಲಿ ಊರಿಗೆ ಎಷ್ಟು ಅಂಕ?

ಮಲೆನಾಡಿಗೆ ದೊಡ್ಡ ಯೋಜನೆಯೊಂದು ಬರುವಾಗ ಮೊದಲು ಬರುವುದು ಜೆಸಿಬಿ ಎಂಬುದು ನಮ್ಮೆಲ್ಲರ ತಿಳಿವಳಿಕೆ. ವಾಸ್ತವವಾಗಿ ಜೆಸಿಬಿ ಬರುವುದು ಎಲ್ಲಕ್ಕಿಂತ ಕೊನೆಯಲ್ಲಿ. ಅದಕ್ಕೆ ಮೊದಲು ಕಾಮಗಾರಿಯ ಟೆಂಡರು, ಟೆಂಡರಿಗೆ ಮೊದಲು ಸಾಲದ ಒಪ್ಪಂದ, ಒಪ್ಪಂದಕ್ಕೆ ಮೊದಲು ನೂರಾರು ಪುಟಗಳ ಯೋಜನಾ ವರದಿ. ಆ ವರದಿಗೂ ಮೊದಲು ಇನ್ನೊಂದು ಗುತ್ತಿಗೆ ಇರುತ್ತದೆ. ಅದು ವರದಿಯನ್ನು ಬರೆಯುವ ಗುತ್ತಿಗೆ, ಅಂದರೆ ಸಲಹೆ ಕೊಡುವ ಗುತ್ತಿಗೆ. ನಮ್ಮ ಹಳ್ಳ ಎಷ್ಟು ಹರಿಯುತ್ತದೆ, ನಮ್ಮ ಬೆಟ್ಟ ಎಷ್ಟು ಭಾರ ಹೊರುತ್ತದೆ, ನಾವು ಬಡವರೋ ಅಲ್ಲವೋ, ನಾವು ಇಲ್ಲಿ ಇರಬೇಕೋ ಬೇಡವೋ ಎಂಬುದು ಮೊದಲ ಬಾರಿಗೆ ಕಾಗದದ ಮೇಲೆ ತೀರ್ಮಾನವಾಗುವುದು ಅಲ್ಲಿ. ನಾವು ಧರಣಿ ಕೂರುವುದು ಮಾತ್ರ ಕೊನೆಯ ಮೆಟ್ಟಿಲಿನ ಮೇಲೆ.

ಈ ಮೊದಲ ಮೆಟ್ಟಿಲಿನ ಬಗ್ಗೆ ನಮ್ಮ ಸಭೆಗಳಲ್ಲಿ ಚರ್ಚೆಯೇ ನಡೆದಿಲ್ಲ. ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಜಪಾನಿನ ಸಾಲ ಸಂಸ್ಥೆ ಮೊದಲಾದವುಗಳ ಹಣದಿಂದ ನಡೆಯುವ ಯೋಜನೆಗಳಲ್ಲಿ ಸಲಹಾ ಗುತ್ತಿಗೆಯನ್ನು ಗೆಲ್ಲುವುದು ಹೇಗೆ, ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದನ್ನು ಹಳ್ಳಿಯ ಜನರೂ ವಿದ್ಯಾರ್ಥಿಗಳೂ ಅರಿತುಕೊಳ್ಳಬೇಕಾಗಿದೆ. ಏಕೆಂದರೆ ಈ ಸಲಹೆಯ ಬೆಲೆಯನ್ನು ತೆರುವವರು ನಾವೇ. ಸಾಲವೆಂದರೆ ದಾನವಲ್ಲ. ಸಲಹೆಗಾರನ ವಿಮಾನದ ಟಿಕೆಟ್ಟಿನಿಂದ ಹಿಡಿದು ವರದಿಯ ಬೈಂಡಿಂಗಿನವರೆಗೆ ಎಲ್ಲವೂ ಅಂತಿಮವಾಗಿ ಸರಕಾರದ ಲೆಕ್ಕದಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಕೂರುತ್ತದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಯಲ್ಲಿನ ಆ ದುಡ್ಡು ನಮ್ಮದು.

ಅಂಕಪಟ್ಟಿಯನ್ನು ಓದೋಣ

ಸಲಹೆಗಾರರನ್ನು ಆರಿಸುವುದಕ್ಕೆ ವಿಶ್ವಬ್ಯಾಂಕಿನ ಲಿಖಿತ ನಿಯಮಾವಳಿ ಇದೆ. 2004ರ ನಿಯಮಾವಳಿಯಂತೆ ಸಾಲ ಪಡೆಯುವ ಸರಕಾರ ಮೊದಲು ಜಾಹೀರಾತು ಕೊಟ್ಟು ಆಸಕ್ತರಿಂದ ಅರ್ಜಿ ಕರೆಯಬೇಕು. ದೊಡ್ಡ ಗುತ್ತಿಗೆಯಾದರೆ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಪ್ರಕಟಣೆಯಲ್ಲಿಯೂ ಅದು ಬರಬೇಕು. ಬಂದ ಅರ್ಜಿಗಳಿಂದ ಆರು ಸಂಸ್ಥೆಗಳ ಕಿರುಪಟ್ಟಿ ತಯಾರಾಗಬೇಕು. ಒಂದೇ ದೇಶದಿಂದ ಎರಡಕ್ಕಿಂತ ಹೆಚ್ಚು ಸಂಸ್ಥೆಗಳಿರಬಾರದು, ಹಿಂದುಳಿದ ದೇಶದ ಸಂಸ್ಥೆ ಒಂದಾದರೂ ಇರಬೇಕು. ಆರೂ ಸಂಸ್ಥೆಗಳು ಎರಡು ಲಕೋಟೆಗಳನ್ನು ಕೊಡುತ್ತವೆ. ಒಂದು ತಾಂತ್ರಿಕ ಪ್ರಸ್ತಾವ, ಇನ್ನೊಂದು ಹಣದ ಪ್ರಸ್ತಾವ. ತಾಂತ್ರಿಕ ಪರೀಕ್ಷೆ ಮುಗಿದ ಮೇಲೆಯೇ ಹಣದ ಲಕೋಟೆಯನ್ನು ಒಡೆಯಬೇಕು. ಒಟ್ಟು ನೂರರಲ್ಲಿ ಹಣಕ್ಕೆ ಸಾಮಾನ್ಯವಾಗಿ 20 ಅಂಕ, ಉಳಿದ 80 ತಾಂತ್ರಿಕಕ್ಕೆ.

ಮೇಲ್ನೋಟಕ್ಕೆ ಎಷ್ಟು ನ್ಯಾಯವಾದ ವ್ಯವಸ್ಥೆ! ನಮ್ಮ ತಾಲ್ಲೂಕು ಕಚೇರಿಯ ಟೆಂಡರುಗಳಲ್ಲಿ ಇಷ್ಟು ಶಿಸ್ತು ಇದ್ದರೆ ಸಾಕಿತ್ತು ಎಂದು ಯಾರಾದರೂ ಹೇಳಿದರೆ ಅದು ತಪ್ಪಲ್ಲ. ಆದರೆ ತಾಂತ್ರಿಕ ಅಂಕಗಳು ಹಂಚಿಹೋಗುವ ಬಗೆಯನ್ನು ನೋಡಿ. ಸಂಸ್ಥೆಯ ಹಿಂದಿನ ಅನುಭವಕ್ಕೆ 5ರಿಂದ 10. ಕಾರ್ಯವಿಧಾನಕ್ಕೆ 20ರಿಂದ 50. ಮುಖ್ಯ ಪರಿಣತರ ಯೋಗ್ಯತೆಗೆ 30ರಿಂದ 60. ಜ್ಞಾನವನ್ನು ಇಲ್ಲಿಯವರಿಗೆ ವರ್ಗಾಯಿಸುವುದಕ್ಕೆ ಸೊನ್ನೆಯಿಂದ 10. ಸ್ವದೇಶಿಯರ ಭಾಗವಹಿಸುವಿಕೆಗೆ ಸೊನ್ನೆಯಿಂದ 10.

ಊರು ಎಲ್ಲಿದೆ? ಪ್ರದೇಶದ ಅನುಭವ, ಭಾಷೆಯ ಅರಿವು ಎಂಬವು ಪರಿಣತರ ಯೋಗ್ಯತೆಯೊಳಗೆ ಒಂದು ಸಣ್ಣ ಉಪವಿಭಾಗವಾಗಿ ಅಡಗಿವೆ. ಸ್ವದೇಶಿಯರೆಂದರೆ ದೇಶದವರು ಎಂದಷ್ಟೇ ಅರ್ಥ. ಗುರುಗ್ರಾಮದ ಕಚೇರಿಯಲ್ಲಿ ಕುಳಿತ, ತುಂಗೆಯನ್ನು ನಕಾಶೆಯಲ್ಲಿ ಮಾತ್ರ ಕಂಡ ಇಂಜಿನಿಯರು ಕಿಗ್ಗದ ಮಟ್ಟಿಗೆ ಸ್ವದೇಶಿಯೇ. ಸೊಪ್ಪಿನಬೆಟ್ಟಕ್ಕೂ ಕಾನಿಗೂ ಇರುವ ವ್ಯತ್ಯಾಸ, ಮಾಗಿಯಲ್ಲಿ ಹಳ್ಳಕ್ಕೆ ಕಟ್ಟುವ ಕಟ್ಟದ ನೀರು ಯಾವ ಗದ್ದೆಗೆ ಮೊದಲು ಹೋಗಬೇಕೆಂಬ ಕಟ್ಟಳೆ, ಹಳದಿ ಎಲೆ ರೋಗದಿಂದ ತೋಟ ಹೋದ ಮನೆಯವರು ಯಾವುದರಿಂದ ಬದುಕುತ್ತಿದ್ದಾರೆ ಎಂಬ ಸಂಗತಿ ಇವುಗಳನ್ನು ಬಲ್ಲವರಿಗೆ ಎಂದು ಪ್ರತ್ಯೇಕವಾಗಿ ಇಟ್ಟ ಅಂಕ ಸೊನ್ನೆ. ಗ್ರಾಮಸಭೆಯ ಒಪ್ಪಿಗೆ ತಂದವರಿಗೂ ಸೊನ್ನೆ.

2016ರ ಜುಲೈಯಿಂದ ಬ್ಯಾಂಕು ಹೊಸ ಖರೀದಿ ಚೌಕಟ್ಟನ್ನು ಜಾರಿಗೆ ತಂದಿತು. ನಿಯಮಗಳು ಸಡಿಲವಾದವು, ಕಿರುಪಟ್ಟಿಯ ಸಂಖ್ಯೆ ಬದಲಾಯಿತು. ಆದರೆ ಅಂಕ ಹಾಕುವವರು ಯಾರು, ಅಂಕ ಪಡೆಯುವವರು ಯಾರು ಎಂಬುದರಲ್ಲಿ ಊರಿಗೆ ಜಾಗ ಸಿಕ್ಕಿಲ್ಲ.

ಅನುಭವವೆಂಬ ಬೇಲಿ

ಅನುಭವದ ಅಂಕ ಹತ್ತೇ ಇರಬಹುದು. ಆದರೆ ಕಿರುಪಟ್ಟಿಗೆ ಸೇರಬೇಕಾದರೆ ನೋಡುವುದು ಅದನ್ನೇ. ಇಂಥದೇ ಕೆಲಸವನ್ನು, ಇಂಥದೇ ಬ್ಯಾಂಕಿಗಾಗಿ, ಇಷ್ಟು ಕೋಟಿಯ ಮಟ್ಟದಲ್ಲಿ ಹಿಂದೆ ಮಾಡಿದ್ದೀರಾ? ಮಾಡಿದವರಿಗೆ ಬಾಗಿಲು ತೆರೆಯುತ್ತದೆ. ತೆರೆದ ಬಾಗಿಲಿನಿಂದ ಹೋದವರಿಗೆ ಮತ್ತೊಂದು ಅನುಭವ ಸೇರುತ್ತದೆ. ಹೀಗೆ ಗುತ್ತಿಗೆಯೇ ಗುತ್ತಿಗೆಯನ್ನು ಹೆರುತ್ತದೆ. ಹಿಂದಿನ ವರದಿ ಸರಿಯಿತ್ತೇ, ಆ ವರದಿಯಂತೆ ಕಟ್ಟಿದ ಕಾಲುವೆಯಲ್ಲಿ ಹತ್ತು ವರ್ಷದ ಮೇಲೂ ನೀರು ಹರಿಯುತ್ತಿದೆಯೇ ಎಂದು ಆ ಊರಿನವರನ್ನು ಯಾರೂ ಕೇಳುವುದಿಲ್ಲ. ಕೆಲಸ ಮುಗಿಸಿದ್ದಕ್ಕೆ ಪ್ರಮಾಣಪತ್ರ ಕೊಡುವವರು ಕೆಲಸ ಕೊಟ್ಟವರೇ.

ಉಚಿತ ಸಲಹೆಯ ಹಿಂದೆಯೂ ಇದೇ ಲೆಕ್ಕ ಇರಲು ಸಾಧ್ಯ. 2018ರ ಮಹಾಪ್ರವಾಹದ ಬಳಿಕ ಕೇರಳ ಸರಕಾರ ಪುನರ್ನಿರ್ಮಾಣಕ್ಕೆ ಕೆಪಿಎಂಜಿ ಎಂಬ ಬಹುರಾಷ್ಟ್ರೀಯ ಸಂಸ್ಥೆಯನ್ನು ಸಲಹಾ ಪಾಲುದಾರನೆಂದು ನೇಮಿಸಿಕೊಂಡಿತು. ಸೇವೆ ಉಚಿತ ಎನ್ನಲಾಯಿತು. ಆಗ ಕೇರಳದಲ್ಲೇ ಟೀಕೆ ಎದ್ದಿತು. ಮರುವರ್ಷ, 2019ರಲ್ಲಿ, ಅದೇ ಪುನರ್ನಿರ್ಮಾಣಕ್ಕೆ ವಿಶ್ವಬ್ಯಾಂಕಿನ 25 ಕೋಟಿ ಡಾಲರ್ ಸಾಲ ಮಂಜೂರಾಯಿತು. ಬೆಟ್ಟ ಕುಸಿದ ರಾಜ್ಯಕ್ಕೆ ಬಿಟ್ಟಿ ಸಲಹೆ ಕೊಟ್ಟವರಿಗೆ ಹಣ ಸಿಗದಿರಬಹುದು. ಮುಂದಿನ ಅರ್ಜಿಯಲ್ಲಿ ಬರೆದುಕೊಳ್ಳಲು ಅನುಭವ ಮಾತ್ರ ಖಂಡಿತ ಸಿಗುತ್ತದೆ.

ಇನ್ನು ಪರಿಣತರ ಅಂಕ. ದೊಡ್ಡ ಹೆಸರುಗಳ ಬಯೋಡಾಟಾ ತೋರಿಸಿ ಗುತ್ತಿಗೆ ಗೆದ್ದು, ಆಮೇಲೆ ಆ ಹೆಸರುಗಳ ಜಾಗದಲ್ಲಿ ಬೇರೆಯವರನ್ನು ಕಳಿಸಬಾರದೆಂದು ನಿಯಮಾವಳಿಯಲ್ಲಿ ಎಚ್ಚರಿಕೆಯಿದೆ. ಚಾಳಿ ಇದ್ದುದರಿಂದಲೇ ಅಲ್ಲವೇ ಎಚ್ಚರಿಕೆ ಬಂದದ್ದು? ಪ್ರಶ್ನಾವಳಿ ಹಿಡಿದು ಜಡಿಮಳೆಯಲ್ಲಿ ಸಂಕ ದಾಟಿ ಮನೆಮನೆಗೆ ಹೋಗುವವರು ದಿನಗೂಲಿಯ ಯುವಕ ಯುವತಿಯರು. ಅವರ ಹೆಸರು ವರದಿಯ ಕೊನೆಯ ಪುಟದಲ್ಲೂ ಇರುವುದಿಲ್ಲ.

ದೆಹಲಿಯ ಕಡತಗಳು ಹೇಳಿದ್ದೇನು?

ನಿಯಮಾವಳಿ ಕಾಗದದ ಮೇಲೆ ಹೀಗಿದ್ದರೆ ನಡೆಯುವುದು ಹೇಗೆ ಎಂಬುದಕ್ಕೆ ದೆಹಲಿಯ ಉದಾಹರಣೆ ಪ್ರಸಿದ್ಧ. ದೆಹಲಿ ಜಲಮಂಡಳಿಯ ಸುಧಾರಣೆಯ ಯೋಜನೆ ತಯಾರಿಸಲು ವಿಶ್ವಬ್ಯಾಂಕು ಸುಮಾರು 25 ಲಕ್ಷ ಡಾಲರ್ ಸಾಲ ಕೊಟ್ಟಿತು. ಆ ಸಲಹಾ ಗುತ್ತಿಗೆ 2001ರಲ್ಲಿ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಸಂಸ್ಥೆಗೆ ಸಿಕ್ಕಿತು. 2005ರಲ್ಲಿ ಪರಿವರ್ತನ್ ಎಂಬ ನಾಗರಿಕ ಸಂಘಟನೆ ದೆಹಲಿಯ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಸಾವಿರಾರು ಪುಟಗಳ ಕಡತವನ್ನು ಹೊರತೆಗೆಯಿತು. ಪರಿವರ್ತನ್ ಮುಂದಿಟ್ಟ ದಾಖಲೆಗಳ ಪ್ರಕಾರ ಆ ಸಂಸ್ಥೆ ಮೊದಲ ಸುತ್ತಿನಲ್ಲಿ ಹತ್ತನೆಯ ಸ್ಥಾನದಲ್ಲಿತ್ತು. ಹಿಂದುಳಿದ ದೇಶದ ಸಂಸ್ಥೆಯೊಂದು ಇರಬೇಕೆಂಬ ನಿಯಮದ ಬಲದಿಂದ, ಭಾರತದಲ್ಲಿ ನೋಂದಣಿಯಾದದ್ದು ಎಂಬ ಕಾರಣಕ್ಕೆ ಅದು ಆರರ ಪಟ್ಟಿಗೆ ಸೇರಿತು. ಮುಂದಿನ ಹಂತದಲ್ಲೂ ಅಂಕ ಸಾಲದೆ ಹೋದಾಗ ಬ್ಯಾಂಕು ಮೌಲ್ಯಮಾಪನವನ್ನು ಪ್ರಶ್ನಿಸಿತು, ಹೊಸದಾಗಿ ಪ್ರಸ್ತಾವ ಕರೆಯಲಾಯಿತು, ಕಡಿಮೆ ಅಂಕ ಹಾಕಿದ್ದ ಒಬ್ಬ ಮೌಲ್ಯಮಾಪಕರ ಅಂಕಗಳನ್ನು ಕೈಬಿಡುವಂತೆ ಹೇಳಲಾಯಿತು. ತಾನು ಯಾರ ಪರವಾಗಿಯೂ ಒತ್ತಡ ಹೇರಿಲ್ಲ, ಪ್ರಕ್ರಿಯೆ ಸರಿಯಾಗಿರಲಿ ಎಂದಷ್ಟೇ ನೋಡಿಕೊಂಡೆ ಎಂಬುದು ಬ್ಯಾಂಕಿನ ಉತ್ತರ.

ಹಿಂದುಳಿದ ದೇಶದ ಪುಟ್ಟ ಸಂಸ್ಥೆಗೆ ಅವಕಾಶ ಸಿಗಲೆಂದು ಇಟ್ಟ ಕಿಂಡಿಯಿಂದ ಜಗತ್ತಿನ ಅತಿ ದೊಡ್ಡ ಸಂಸ್ಥೆಗಳಲ್ಲೊಂದು ನುಸುಳಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಆ ಸಲಹೆಯ ಮೇಲೆ ನಿಂತ ಯೋಜನೆ ದೆಹಲಿಯ 21 ನೀರಿನ ವಲಯಗಳನ್ನು ಖಾಸಗಿ ಕಂಪನಿಗಳ ಕೈಗೆ ಕೊಡುವುದಾಗಿತ್ತು. ಜನ ಬೀದಿಗಿಳಿದರು. 2005ರ ಕೊನೆಯಲ್ಲಿ ದೆಹಲಿ ಸರಕಾರ ಸಾಲದ ಅರ್ಜಿಯನ್ನು ಹಿಂತೆಗೆದುಕೊಂಡಿತು. ಕಡತ ಹೊರಬರದೆ ಇದ್ದಿದ್ದರೆ?

ನಮ್ಮ ನಾಡಿನಲ್ಲಿ

ದೆಹಲಿಯವರೆಗೆ ಹೋಗಬೇಕಾಗಿಯೂ ಇಲ್ಲ. ನಾಗರಹೊಳೆಯನ್ನು ನೋಡೋಣ. 1996ರಲ್ಲಿ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ಹಣದಿಂದ ದೇಶದ ಏಳು ಅರಣ್ಯಗಳಿಗೆ ಪರಿಸರಾಭಿವೃದ್ಧಿ ಯೋಜನೆ ಮಂಜೂರಾಯಿತು. ಅವುಗಳಲ್ಲಿ ನಾಗರಹೊಳೆಯೂ ಒಂದು. ಸೂಚಕ ಯೋಜನೆಯನ್ನು ತಯಾರಿಸಿದ್ದು ದೆಹಲಿಯ ಸಂಸ್ಥೆ. ಕಾಡಿನೊಳಗೆ ತಲೆಮಾರುಗಳಿಂದ ಬದುಕಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಾಡಿಗಳ ಭವಿಷ್ಯವನ್ನು ತಮ್ಮನ್ನು ಕೇಳದೆಯೇ ಬರೆಯಲಾಗಿದೆ ಎಂದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ 1998ರಲ್ಲಿ ವಿಶ್ವಬ್ಯಾಂಕಿನದೇ ಪರಿಶೀಲನಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ಸ್ಥಳಕ್ಕೆ ಬಂದು ನೋಡಿ, ದೂರಿನಲ್ಲಿ ಹುರುಳಿದೆ, ತನಿಖೆ ಅಗತ್ಯ ಎಂದು ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕ ಮಂಡಳಿ ಆ ತನಿಖೆಗೆ ಒಪ್ಪಿಗೆ ಕೊಡಲಿಲ್ಲ.

ಶೃಂಗೇರಿಯವರಿಗೆ ಈ ಕಥೆ ಪರಕೀಯವಾಗಲಾರದು. 1987ರ ಅಧಿಸೂಚನೆ, 2001ರ ಅಂತಿಮ ಘೋಷಣೆ ಇವುಗಳ ನಡುವೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಸಿಲುಕಿದ ಕೆರೆಕಟ್ಟೆಯ ಕಡೆಯ ಮನೆಗಳು ಇದೇ ಪ್ರಶ್ನೆಯನ್ನು ಕೇಳಿವೆ: ನಮ್ಮ ಬಗ್ಗೆ ಬರೆದವರು ನಮ್ಮನ್ನು ಯಾವಾಗ ಕೇಳಿದರು? ಅದೇ ಕುದುರೆಮುಖದ ಗಣಿಯ ಹುಟ್ಟನ್ನೂ ನೆನೆಯಬೇಕು. 1975ರಲ್ಲಿ ಇರಾನ್ 63 ಕೋಟಿ ಡಾಲರ್ ಸಾಲ ಕೊಡುವ ಒಪ್ಪಂದವಾಯಿತು. 1979ರಲ್ಲಿ ಇರಾನಿನ ಆಳ್ವಿಕೆ ಉರುಳಿತು. ಸಾಲ ಪೂರ್ತಿ ಬರಲಿಲ್ಲ, ಅದಿರು ಕೊಳ್ಳುವವರೂ ಉಳಿಯಲಿಲ್ಲ. ಗಣಿ ಮಾತ್ರ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿ, 2005ರ ಕೊನೆಗೆ ಅದು ನಿಂತಿತು. ಸಾಲ ಕೊಡಲು ಬಂದವರು ಹೋದರು, ಭದ್ರೆಯ ಒಡಲಿಗೆ ಹೂಳು ಉಳಿಯಿತು.

2004ರಲ್ಲಿ 3.95 ಕೋಟಿ ಡಾಲರ್ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಪ್ರಾತ್ಯಕ್ಷಿಕೆ ವಲಯಗಳಲ್ಲಿ ಇಪ್ಪತ್ತನಾಲ್ಕು ಗಂಟೆಯ ನೀರಿನ ಯೋಜನೆ ಆರಂಭವಾಯಿತು. ನಿರ್ವಹಣೆ ಫ್ರಾನ್ಸಿನ ವಿಯೋಲಿಯಾ ಸಮೂಹದ ಕೈಗೆ ಹೋಯಿತು. ಆ ವಲಯಗಳಲ್ಲಿ ನೀರು ಬಂದದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ನಗರದ ಸುಮಾರು ಹತ್ತನೆಯ ಒಂದು ಪಾಲಿಗೆ ಮಾತ್ರ ಮೊದಲು ಬರಲಿ ಎಂದು ತೀರ್ಮಾನಿಸಿದವರು ಯಾರು? ಮಿಕ್ಕವರು ದಿನಗಟ್ಟಲೆ ಕಾಯಲಿ ಎಂಬುದು ಯಾವ ವಾರ್ಡಿನ ಸಭೆಯ ನಿರ್ಣಯ? ಪ್ರಾತ್ಯಕ್ಷಿಕೆ ಯಶಸ್ವಿ ಎನಿಸಿದೊಡನೆ ಅದು ಮುಂದಿನ ಸಾಲಕ್ಕೆ ಆಧಾರವಾಯಿತು: 2016ರಲ್ಲಿ ಮತ್ತೆ 10 ಕೋಟಿ ಡಾಲರ್.

2005ರಲ್ಲಿ ಜಪಾನಿನಿಂದ ಸುಮಾರು 1,500 ಕೋಟಿ ಯೆನ್ ಸಾಲ ತಂದು ಸುಸ್ಥಿರ ಅರಣ್ಯ ನಿರ್ವಹಣೆ ಮತ್ತು ಜೀವವೈವಿಧ್ಯ ಸಂರಕ್ಷಣೆಯ ಯೋಜನೆಯನ್ನು ರಾಜ್ಯದ ಅರಣ್ಯ ಇಲಾಖೆ ನಡೆಸಿತು. ಗ್ರಾಮ ಅರಣ್ಯ ಸಮಿತಿಗಳಿಗೆ ಸೂಕ್ಷ್ಮ ಯೋಜನೆಗಳು ಬಂದವು. ತಮ್ಮ ಊರಿನ ಸೂಕ್ಷ್ಮ ಯೋಜನೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮ ಓದುಗರಲ್ಲಿ ಎಷ್ಟು ಮಂದಿ?

ಯಾವುದು ಅಪರಾಧ?

ಬ್ಯಾಂಕುಗಳು ತಪ್ಪು ಮಾಡಿದವರನ್ನು ದಂಡಿಸುವುದೇ ಇಲ್ಲವೆಂದಲ್ಲ. 2009ರ ಜನವರಿಯಲ್ಲಿ ವಿಶ್ವಬ್ಯಾಂಕು ತನ್ನ ಕಪ್ಪುಪಟ್ಟಿಯ ಹೆಸರುಗಳನ್ನು ಬಯಲು ಮಾಡಿದಾಗ ನಮ್ಮ ಬೆಂಗಳೂರಿನ ವಿಪ್ರೊ ಅದರಲ್ಲಿತ್ತು: 2007ರಿಂದ ನಾಲ್ಕು ವರ್ಷ ನಿಷೇಧ. ಹೈದರಾಬಾದಿನ ಸತ್ಯಂಗೆ ಎಂಟು ವರ್ಷ. ಬ್ಯಾಂಕಿನ ಸಿಬ್ಬಂದಿಗೆ ಅನುಚಿತ ಲಾಭ ಒದಗಿಸಿದರೆಂಬುದು ಕಾರಣ. ವಿಪ್ರೊದ ವಿಷಯದಲ್ಲಿ ಅದು 2000ನೆಯ ಇಸವಿಯ ಅಮೆರಿಕದ ಷೇರು ಬಿಡುಗಡೆಯಲ್ಲಿ ಷೇರು ಕೊಳ್ಳಲು ಕೊಟ್ಟ ಅವಕಾಶ. ಅದು ನಿಯಮದೊಳಗೇ ಇತ್ತೆಂದು ಕಂಪನಿ ಸಮರ್ಥಿಸಿಕೊಂಡಿತು. ಬಾಂಗ್ಲಾದೇಶದ ಪದ್ಮಾ ಸೇತುವೆಯ ಮೇಲ್ವಿಚಾರಣಾ ಸಲಹಾ ಗುತ್ತಿಗೆಯ ಲಂಚದ ಆರೋಪದಿಂದ 2012ರಲ್ಲಿ ಬ್ಯಾಂಕು 120 ಕೋಟಿ ಡಾಲರ್ ಸಾಲವನ್ನೇ ರದ್ದುಪಡಿಸಿತು. ಕೆನಡಾದ ಎಸ್‌ಎನ್‌ಸಿ-ಲ್ಯಾವಲಿನ್ ಸಂಸ್ಥೆ 2013ರಲ್ಲಿ ಹತ್ತು ವರ್ಷದ ನಿಷೇಧಕ್ಕೆ ಒಳಗಾಯಿತು. ಅದೇ ಪ್ರಕರಣದ ಆರೋಪಿಗಳನ್ನು 2017ರಲ್ಲಿ ಕೆನಡಾದ ನ್ಯಾಯಾಲಯ ಖುಲಾಸೆಗೊಳಿಸಿತು ಎಂಬುದನ್ನೂ ಹೇಳಬೇಕು.

ಬ್ಯಾಂಕಿನ ಪ್ರಕಾರ ಶಿಕ್ಷಾರ್ಹ ಕೃತ್ಯಗಳು ಐದು: ಲಂಚ, ವಂಚನೆ, ಒಳಒಪ್ಪಂದ, ಬೆದರಿಕೆ, ತನಿಖೆಗೆ ಅಡ್ಡಿ. ಇವೆಲ್ಲ ಅಪರಾಧಗಳೇ. ಆದರೆ ಊರನ್ನು ಕೇಳದೆ ಊರಿನ ಬಗ್ಗೆ ಬರೆಯುವುದು ಈ ಪಟ್ಟಿಯಲ್ಲಿಲ್ಲ. ಬೇಸಿಗೆಯ ಹಳ್ಳವನ್ನು ಮಳೆಗಾಲದ ಲೆಕ್ಕದಲ್ಲಿ ಅಳೆಯುವುದೂ ಇಲ್ಲ. ಬ್ಯಾಂಕಿಗೆ ಮೋಸವಾದರೆ ನಿಷೇಧ; ಬೆಟ್ಟಕ್ಕೆ ಮೋಸವಾದರೆ ಅದು ಕಲಿತ ಪಾಠವೆಂದು ಮುಗಿತಾಯ ವರದಿಯಲ್ಲಿ ಒಂದು ಸಾಲು.

ಹೊಣೆ ಕೇಳಹೊರಟರೆ ಕೈಗೆ ಯಾರೂ ಸಿಗುವುದಿಲ್ಲ. ಸಲಹೆಗಾರರನ್ನು ನೇಮಿಸಿದವರು ನಾವಲ್ಲ, ನಿಮ್ಮ ಸರಕಾರ ಎನ್ನುತ್ತದೆ ಬ್ಯಾಂಕು. ಬ್ಯಾಂಕಿನ ನಿರಾಕ್ಷೇಪ ಪತ್ರವಿಲ್ಲದೆ ನಾವು ಒಂದು ಹೆಜ್ಜೆಯನ್ನೂ ಇಡುವಂತಿಲ್ಲ ಎನ್ನುತ್ತದೆ ಸರಕಾರ. ನಮಗೆ ಕೊಟ್ಟ ಕಾರ್ಯವ್ಯಾಪ್ತಿಯಲ್ಲಿ ಆ ಪ್ರಶ್ನೆ ಇರಲಿಲ್ಲ ಎನ್ನುತ್ತಾನೆ ಸಲಹೆಗಾರ. ಮೂವರೂ ನಿಜವನ್ನೇ ಹೇಳುತ್ತಿದ್ದಾರೆ. ಈ ವ್ಯವಸ್ಥೆಯ ಜಾಣ್ಮೆ ಇರುವುದೇ ಅಲ್ಲಿ.

ಎರಡು ಆಕ್ಷೇಪಗಳು

ಮೊದಲನೆಯದು: ಪರಿಣತಿ ಬೇಡವೇ? ಬೇಕು. ಭೂಕುಸಿತದ ಕಾರಣವನ್ನು ಭೂವಿಜ್ಞಾನಿ ಹೇಳಬೇಕು, ಸೇತುವೆಯ ಲೆಕ್ಕವನ್ನು ಇಂಜಿನಿಯರು ಹಾಕಬೇಕು. ಆದರೆ ಪರಿಣತಿಯೇ ಒಂದು, ಸಲಹೆಯ ಗುತ್ತಿಗೆಯೇ ಇನ್ನೊಂದು. ಸಾಲ ಮಂಜೂರಾಗಲಿ ಎಂಬ ಉದ್ದೇಶಕ್ಕೆ ವರದಿ ಬರೆಯುವವನು ಯೋಜನೆಯೇ ಬೇಡ ಎಂದು ಬರೆಯಬಲ್ಲನೇ? ಬರೆದರೆ ಮುಂದಿನ ಕಿರುಪಟ್ಟಿಯಲ್ಲಿ ಅವನ ಹೆಸರು ಉಳಿದೀತೇ?

ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ಸರಕಾರದವರೇ ನೇಮಿಸಿದ ಸಮಿತಿಯಾದರೆ ಊರನ್ನು ಕೇಳುತ್ತದೆಯೇ? ಪಶ್ಚಿಮಘಟ್ಟದ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟು, ಅಂತಿಮ ತೀರ್ಮಾನಗಳನ್ನು ಗ್ರಾಮಸಭೆಗಳ ಮುಂದಿಟ್ಟೇ ಮಾಡಬೇಕೆಂದು ಹೇಳಿತು. ಕೇಂದ್ರ ಸರಕಾರ ಆ ವರದಿಯನ್ನೇ ಮುಚ್ಚಿಟ್ಟಿತು. 2012ರಲ್ಲಿ ಮಾಹಿತಿ ಆಯೋಗವೂ ದೆಹಲಿ ಹೈಕೋರ್ಟೂ ಹೇಳಿದ ಮೇಲೆ ಅದು ಹೊರಬಂತು. ಅಷ್ಟರಲ್ಲಿ ಮಲೆನಾಡಿಗೆ ವರದಿಗಿಂತ ಮೊದಲು ವದಂತಿ ತಲುಪಿತ್ತು. ಮನೆ ಕಟ್ಟುವಂತಿಲ್ಲ, ಸೊಪ್ಪು ಕಡಿಯುವಂತಿಲ್ಲ, ದನ ಸಾಕುವಂತಿಲ್ಲ ಎಂಬ ಭಯದಲ್ಲಿ ನಮ್ಮವರೇ ಓದದ ವರದಿಯ ವಿರುದ್ಧ ನಿರ್ಣಯ ಮಾಡಿದರು. ಇಂಗ್ಲಿಷಿನಲ್ಲಿ ಬರೆದು ಬೀರುವಿನಲ್ಲಿಟ್ಟ ಒಳ್ಳೆಯ ವರದಿಗೂ ಕೆಟ್ಟ ವರದಿಗೂ ಹಳ್ಳಿಯ ಮಟ್ಟಿಗೆ ವ್ಯತ್ಯಾಸವಿಲ್ಲ ಎಂಬುದನ್ನು ಈ ಪ್ರಸಂಗ ಸಾಬೀತುಪಡಿಸಿತು. ಆದ್ದರಿಂದ ನಮ್ಮ ತಕರಾರು ಬ್ಯಾಂಕಿನೊಂದಿಗೆ ಮಾತ್ರ ಮುಗಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು

ದೊಡ್ಡ ಸಂಸ್ಥೆ ಗೆದ್ದ ಗುತ್ತಿಗೆಯ ತುಣುಕುಗಳು ಕೆಳಗಿಳಿಯುತ್ತ ಕೊನೆಗೆ ನಮ್ಮ ಸ್ವಯಂಸೇವಾ ಸಂಘಗಳ, ಕಾಲೇಜುಗಳ ಅಂಗಳಕ್ಕೆ ಬರುತ್ತವೆ. ಸ್ಥಳೀಯ ಸಂಘಟನೆಯ ಹೆಸರಿದ್ದರೆ ಪ್ರಸ್ತಾವಕ್ಕೆ ತೂಕ ಬರುತ್ತದೆ. ಜನರ ಸಹಭಾಗಿತ್ವ ಎಂಬ ಅಧ್ಯಾಯ ತುಂಬುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪದವೀಧರರಿಗೆ ಕೆಲಸ ಬೇಕು ಎಂಬುದನ್ನು ಬಲ್ಲೆವು. ಆ ಕೆಲಸವನ್ನು ಮಾಡಬೇಡಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಪ್ರಶ್ನಾವಳಿ ಹಿಡಿದು ಅಜ್ಜಿಯೊಬ್ಬರ ಜಗಲಿಯಲ್ಲಿ ಕೂರುವ ಮೊದಲು ಮೂರು ಪ್ರಶ್ನೆಗಳನ್ನು ನಿಮ್ಮನ್ನು ಕಳಿಸಿದವರಿಗೆ ಕೇಳಿ. ಈ ಯೋಜನೆಯ ಸಾಲ ಯಾರದು, ಎಷ್ಟು? ಈ ಉತ್ತರಗಳನ್ನು ಬರೆದ ವರದಿ ಈ ಮನೆಗೆ ಕನ್ನಡದಲ್ಲಿ ಮರಳಿ ಬರುತ್ತದೆಯೇ? ಯೋಜನೆ ಬೇಡ ಎಂದು ಹೇಳಲು ಈ ಹಾಳೆಯಲ್ಲಿ ಜಾಗವಿದೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ನೀವು ಮಾಡುತ್ತಿರುವುದು ಸಮೀಕ್ಷೆಯಲ್ಲ, ನಮ್ಮವರ ಹೆಬ್ಬೆಟ್ಟಿನ ಸಂಗ್ರಹ.

ಈಗ ಮಾಡಬೇಕಾದದ್ದು

ನಮ್ಮ ಕೈ ಖಾಲಿಯಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಸಲಹಾ ಗುತ್ತಿಗೆಯ ಕಾರ್ಯವ್ಯಾಪ್ತಿ, ಅಂಕಪಟ್ಟಿ, ಒಪ್ಪಂದ, ವರದಿ ಎಲ್ಲವನ್ನೂ ಇಲಾಖೆಯಿಂದ ಕೇಳಬಹುದು. ವಿಶ್ವಬ್ಯಾಂಕಿನ ಮಾಹಿತಿ ನೀತಿ 2010ರಿಂದ ಬದಲಾಗಿದೆ. ಅಲ್ಲಿಗೂ ನೇರ ಅರ್ಜಿ ಹಾಕಬಹುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಅದು ಊರೇ ಬರೆಯುವ ವರದಿ. ಅದನ್ನು ಗುಮಾಸ್ತರು ನಕಲು ಮಾಡಲು ಬಿಡದೆ ನಾವೇ ಕುಳಿತು ಬರೆದರೆ, ಹೊರಗಿನ ಸಲಹೆಗಾರನ ಹಾಳೆಯ ಎದುರು ಇಡಲು ನಮ್ಮದೊಂದು ಹಾಳೆ ಇರುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಗೌಡಲು, ಹಸಲರು, ಮಲೆಕುಡಿಯರು ಮಾತ್ರವಲ್ಲದೆ ಕಾಡನ್ನು ಅವಲಂಬಿಸಿದ ಇತರರಿಗೂ ಗ್ರಾಮಸಭೆಯ ಮೂಲಕ ಮಾತಾಡುವ ಬಲ ಕೊಟ್ಟಿದೆ.

ಮುಂದಿನ ಗ್ರಾಮಸಭೆಯಲ್ಲಿ ಈ ಕೆಳಗಿನ ನಿರ್ಣಯವನ್ನು ಮಂಡಿಸಬೇಕೆಂದು ಎಲ್ಲ ಊರುಗಳ ಬಳಗದವರಲ್ಲಿ ವಿನಂತಿ:

"ನಮ್ಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಸಾಲದ ಹಣದಿಂದ ಯಾವುದೇ ಯೋಜನೆಯನ್ನು ರೂಪಿಸುವುದಾದರೆ, (1) ಸಲಹಾ ಗುತ್ತಿಗೆಯ ಕಾರ್ಯವ್ಯಾಪ್ತಿಯನ್ನು ಟೆಂಡರಿಗೆ ಮೊದಲು ಕನ್ನಡದಲ್ಲಿ ಈ ಸಭೆಯ ಮುಂದಿಡತಕ್ಕದ್ದು; (2) ಸಲಹೆಗಾರರ ಆಯ್ಕೆಯ ಅಂಕಗಳಲ್ಲಿ ಸ್ಥಳೀಯ ಅರಿವಿಗೆ ಪ್ರತ್ಯೇಕ ಅಂಕ ಇರತಕ್ಕದ್ದು, ಮತ್ತು ಆ ಸಂಸ್ಥೆ ಹಿಂದೆ ಕೆಲಸ ಮಾಡಿದ ಊರಿನ ಅಭಿಪ್ರಾಯವನ್ನು ಪಡೆಯತಕ್ಕದ್ದು; (3) ಕರಡು ವರದಿಯನ್ನು ಅಂತಿಮಗೊಳಿಸುವ ಮೊದಲು ಇಲ್ಲಿ ಓದಿ ಹೇಳತಕ್ಕದ್ದು; (4) ಯೋಜನೆ ಬೇಡ ಎಂಬ ತೀರ್ಮಾನಕ್ಕೂ ವರದಿಯಲ್ಲಿ ಅವಕಾಶವಿರತಕ್ಕದ್ದು."

ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಜಿಲ್ಲಾ ಪಂಚಾಯಿತಿಗೂ ಇನ್ನೊಂದನ್ನು ನಮ್ಮ ಪತ್ರಿಕೆಗೂ ಕಳುಹಿಸಿಕೊಡಿ. ಯಾವ ಊರಿನಲ್ಲಿ ನಿರ್ಣಯ ಆಯಿತು, ಯಾವ ಊರಿನಲ್ಲಿ ಅದನ್ನು ತಡೆದರು, ತಡೆದವರು ಕೊಟ್ಟ ಕಾರಣವೇನು ಎಂಬುದೆಲ್ಲವನ್ನೂ ಬಂದಂತೆಯೇ ಪ್ರಕಟಿಸುತ್ತೇವೆ.